ಹಬ್ಬಕ್ಕೂ ಮುಂಚಿನ ಕೆಲಸ

ನವರಾತ್ರಿ ಒಂಬತ್ತು ದಿನ. ದೀಪಾವಳಿ ಮೂರು ದಿನ. ಸಂಕ್ರಾಂತಿ ಒಂದೇ ದಿನ. ಕ್ಯಾಲೆಂಡರಿನಲ್ಲಿ ಕಾಣುವುದು ಇಷ್ಟೇ. ಮನೆಯೊಳಗಿನ ಲೆಕ್ಕ ಬೇರೆ. ಪಿತೃಪಕ್ಷ ಮುಗಿಯುವ ಹೊತ್ತಿಗೆ ಅಟ್ಟದಿಂದ ಬೊಂಬೆಗಳ ಟ್ರಂಕು ಕೆಳಗಿಳಿಯುತ್ತದೆ. ಅಲ್ಲಿಂದ ಹಿಡಿದು, ಜನವರಿ ನಡುವಿನಲ್ಲಿ ಸಕ್ಕರೆ ಅಚ್ಚಿನ ಮರಗಳನ್ನು ತೊಳೆದು ಎತ್ತಿಡುವವರೆಗೆ, ಯಾರ ಕೈಯಲ್ಲಾದರೂ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಹೊಲಿಯುವುದು, ಪೋಣಿಸುವುದು, ಅಂಟಿಸುವುದು, ಹೆಚ್ಚುವುದು, ಕಾಯಿಸುವುದು.

ಮೈಸೂರು ಸೀಮೆಯಲ್ಲಿ ಬೆಳೆದವಳು ನಾನು. ಪೂಜೆಯ ದಿನಗಳಿಗಿಂತ ಈ ಮುಂಚಿನ ದಿನಗಳೇ ನನಗೆ ಜಾಸ್ತಿ ನೆನಪಿವೆ. ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅದೇ ಕೆಲಸಗಳಿಗೆ ಕೈ ಹಾಕಿದಾಗ ಮತ್ತೆ ಮತ್ತೆ ಅನ್ನಿಸುತ್ತದೆ, ಹಬ್ಬ ಇರುವುದೇ ಈ ಕೆಲಸದಲ್ಲಿ. ಕೆಲಸ ಮನೆಯಿಂದ ಆಚೆ ಹೋದರೆ ಹಬ್ಬದ ದಿನ ಬರೀ ಊಟದ ದಿನವಾಗಿಬಿಡುತ್ತದೆ.

ಬೊಂಬೆಯಿಂದಲೇ ಶುರು ಮಾಡುತ್ತೇನೆ. ದಸರೆಗೆ ದೊಡ್ಡ ಚರಿತ್ರೆ ಇದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಉತ್ಸವ ಅದು. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿ ಅಂತಲೇ ಒಂದು ಜಾಗವಿದೆ. ಆನೆ, ಅಂಬಾರಿ, ದೀಪ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ದಿನಗಳಲ್ಲಿ ಒಳಗಿನ ಬೀದಿಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ, ಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆ ಬಾಗಿಲಲ್ಲಿ ನಿಂತು "ಬೊಂಬೆ ಕೂರ್ಸಿದ್ದೀರಾ?" ಅಂತ ಕೂಗುವುದಿದೆಯಲ್ಲ, ನನಗೆ ದಸರಾ ಅಂದರೆ ಅದು. ಕೂರಿಸಿದ್ದರೆ ಒಳಗೆ ಕರೆಯುತ್ತಾರೆ. ಮಕ್ಕಳು ಬೊಂಬೆ ನೋಡಿ, ಒಂದು ಹಾಡು ಹೇಳಿ, ಬೊಂಬೆ ಬಾಗಿನ ಅಂತ ಕೊಡುವ ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಡಬ್ಬಿಗೆ ಹಾಕಿಸಿಕೊಂಡು ಮುಂದಿನ ಮನೆಗೆ ಓಡುತ್ತಾರೆ.

ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು. 3, 5, 7, 9, ಮನೆಯ ಅನುಕೂಲ ನೋಡಿಕೊಂಡು. ಈಗ ಮಡಚಿ ಇಡುವ ಕಬ್ಬಿಣದ ಸ್ಟ್ಯಾಂಡ್ ಸಿಗುತ್ತದೆ. ನಮ್ಮ ಮನೆಯಲ್ಲಿ ಆಗ ಟ್ರಂಕು, ಅಕ್ಕಿ ಡಬ್ಬ, ಅಪ್ಪನ ದಪ್ಪ ದಪ್ಪ ಪುಸ್ತಕಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಪಂಚೆ. ಪಂಚೆಯ ಅಂಚು ಪ್ರತಿ ಮೆಟ್ಟಿಲಿನ ತುದಿಗೂ ಸರಿಯಾಗಿ ಬರಬೇಕು ಅಂತ ಅಪ್ಪ ಗುಂಡುಪಿನ್ನು ಹಿಡಿದುಕೊಂಡು ಅರ್ಧ ದಿನ ಕಳೆಯುತ್ತಿದ್ದರು.

ಎಲ್ಲಕ್ಕಿಂತ ಮೇಲೆ ಕಳಶ, ಅದರ ಪಕ್ಕ ಪಟ್ಟದ ಬೊಂಬೆ. ರಾಜ, ರಾಣಿ, ಒಂದು ಜೊತೆ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಬೊಂಬೆಗಳು ಇವು. ಹಳೆಯವು ರಕ್ತಚಂದನದವು, ಹೆಚ್ಚಾಗಿ ತಿರುಪತಿಯಿಂದ ತಂದವು. ರಕ್ತಚಂದನ ಕಡಿಯಲು ಈಗ ಬಿಗಿ ಕಾನೂನಿದೆ. ಹಾಗಾಗಿ ಅಜ್ಜಿಯ ಕಾಲದ ಜೋಡಿ ಮನೆಯಲ್ಲಿದ್ದರೆ ಜೋಪಾನ ಮಾಡಿ. ನಮ್ಮದು ಅಮ್ಮನ ಅಜ್ಜಿಯಿಂದ ಬಂದದ್ದು. ಮೂಗು ಸವೆದಿದೆ. ಕೈಗಳು ಮೈಗೆ ಅಂಟಿಕೊಂಡೇ ಇವೆ. ಬರಿಗಣ್ಣಿಗೆ ಅದೊಂದು ಕೆಂಪು ಮರದ ತುಂಡು, ಅಷ್ಟೇ. ರಾಜನನ್ನು ರಾಜ ಮಾಡುವುದು, ರಾಣಿಯನ್ನು ರಾಣಿ ಮಾಡುವುದು ಮನೆಯವರ ಕೈ.

ಆ ಸಿಂಗಾರದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಹಳೇ ರೇಷ್ಮೆ ಸೀರೆಯ ಅಂಚು ಬಿಚ್ಚಬೇಕು. ಒಡಲು ಪಿಸಿದು ಹೋಗಿದ್ದರೂ ಜರಿ ಅಂಚು ಗಟ್ಟಿಯಾಗಿರುತ್ತದೆ. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿ, ಅಂಗೈಯಗಲದ ಪಟ್ಟಿ ಕತ್ತರಿಸಿ, ಬೆರಳ ತುದಿಯಲ್ಲಿ ಸಣ್ಣ ಸಣ್ಣ ನೆರಿಗೆ ಹಿಡಿಯಬೇಕು. ರೇಷ್ಮೆ ಜಾರುತ್ತದೆ. ನೆರಿಗೆಗೆ ದಾರ ಸುತ್ತಿ ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಟ್ಟರೆ ಬೆಳಿಗ್ಗೆಗೆ ಮಾತು ಕೇಳುತ್ತದೆ. ಆಮೇಲೆ ರಾಣಿಗೆ ಉಡಿಸುವುದು, ರಾಜನಿಗೆ ಜರಿ ಪೇಟ ಸುತ್ತುವುದು, ಚಿನ್ನದ ಬಣ್ಣದ ಕಾಗದವನ್ನು ಮೈದಾ ಅಂಟಿನಲ್ಲಿ ರಟ್ಟಿಗೆ ಅಂಟಿಸಿ ಕಿರೀಟ ಮಾಡುವುದು, ಮುರಿದ ಸರದ ಮಣಿಗಳಿಂದ ಸೊಂಟದ ಪಟ್ಟಿ. ಈ ಕೆಲಸ ಮಾಡುವಾಗ ಅಮ್ಮ ಸುಮ್ನೆ ಕೂರುತ್ತಿರಲಿಲ್ಲ. "ಇದು ದೊಡ್ಡತ್ತೆಯ ಧಾರೆ ಸೀರೆ ಅಂಚು" ಅಂತ ಶುರುವಾದರೆ ದೊಡ್ಡತ್ತೆಯ ಮದುವೆ, ಆ ಮದುವೆಗೆ ಬಂದ ಮಳೆ, ಛತ್ರದಲ್ಲಿ ಸಾಲದೇ ಹೋದ ಲಾಡು, ಎಲ್ಲ ಹೊರಗೆ ಬರುತ್ತಿತ್ತು. ನಾನು ಕಣ್ಣಾರೆ ನೋಡದ ನೆಂಟರನ್ನು ನನಗೆ ಪರಿಚಯ ಮಾಡಿಸಿದ್ದು ಈ ಬಟ್ಟೆ ತುಂಡುಗಳು. ಸಿದ್ಧ ಉಡುಪು ತೊಡಿಸಿದ ಬೊಂಬೆ ಈಗ ಅಂಗಡಿಯಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಅದರ ಜೊತೆ ದೊಡ್ಡತ್ತೆ ಬರುವುದಿಲ್ಲ.

ಕೆಳಗಿನ ಮೆಟ್ಟಿಲು ಮಕ್ಕಳದು. ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟರು, ಪಕ್ಕದಲ್ಲಿ ಶೆಟ್ಟಿತಿ, ಮುಂದೆ ಅವರ ಅಂಗಡಿ. ಅಂಗಡಿಗೆ ನಿಜವಾದ ಅಕ್ಕಿ, ಬೇಳೆ, ಮೆಣಸು, ಬೆಲ್ಲವನ್ನೇ ಪುಟ್ಟ ಬಟ್ಟಲುಗಳಲ್ಲಿ ಇಡಬೇಕು. ಬೆಂಕಿಪೊಟ್ಟಣಗಳಿಂದ ಮಂಚ, ಮೇಜು. ನೆಲದ ಮೇಲೆ ಪಾರ್ಕು. ಒಂದು ತಟ್ಟೆಯಲ್ಲಿ ಮರಳು ಮಣ್ಣು ಹಾಕಿ, ನೆನೆಸಿದ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ಸರಸ್ವತಿ ಪೂಜೆಯ ಹೊತ್ತಿಗೆ ಹಸಿರು ಹುಲ್ಲುಗಾವಲು ಸಿದ್ಧ. ಬೇಗ ಬೇಕಿದ್ದರೆ ಸಾಸಿವೆ, ಮೆಂತ್ಯವೂ ಆಗುತ್ತದೆ. ನಡುವೆ ಒಂದು ಕನ್ನಡಿ ಇಟ್ಟರೆ ಕೊಳ. ಕೊಳದ ಮೇಲೆ ಪ್ಲಾಸ್ಟಿಕ್ ಬಾತುಕೋಳಿ. ನನ್ನ ಚಿಕ್ಕ ಮಗಳು ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಮೊದಲು ರಾಗಿ ಮೊಳಕೆ ನೋಡಲು ಓಡುತ್ತಾಳೆ. ಒಂದು ಕಾಳು ಒಡೆದು ಬಿಳಿ ಬೇರು ಬಿಡುವುದನ್ನು ಅವಳು ಮೊದಲು ಕಂಡದ್ದು ಬೊಂಬೆ ಪಾರ್ಕಿನಲ್ಲೇ.

ವರ್ಷಕ್ಕೊಂದಾದರೂ ಹೊಸ ಬೊಂಬೆ ಸೇರಬೇಕು ಅನ್ನುವುದು ಬಹಳ ಮನೆಗಳ ರೂಢಿ. ಅಮ್ಮ ಅದನ್ನು ಕೈಯಾರೆ ಮಾಡಿ ಸೇರಿಸುತ್ತಿದ್ದರು. ನೈಲಾನ್ ದಾರದಲ್ಲಿ ಪೋಣಿಸಿದ ಮಣಿ ಗಿಳಿ, ಮಣಿ ಅಳಿಲು, ಹಳೇ ಬಳೆಗೆ ಉಲ್ಲನ್ ಸುತ್ತಿ ಮಾಡಿದ ತೊಟ್ಟಿಲು. ಕೊಂಡು ತಂದ ವರ್ಷ ಅದು ಚನ್ನಪಟ್ಟಣದ್ದೇ ಆಗಿರುತ್ತಿತ್ತು. ಅಲ್ಲಿ ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು. ಕೊಪ್ಪಳದ ಕಿನ್ನಾಳದಲ್ಲಿ ದಾರಿ ಬೇರೆ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಮತ್ತು ಮರದ ಹೊಟ್ಟು ಕಲಸಿದ ಕಿಟ್ಟ ಬಳಿದು ಆಕಾರ ತಿದ್ದುತ್ತಾರೆ. ಚಿತ್ರಗಾರ ಮನೆತನಗಳ ಕಸುಬು ಅದು. ಕೊಳ್ಳುವುದಾದರೆ ಇಂಥ ಕೈಗಳಿಂದ ಕೊಳ್ಳಬೇಕು ಅಂತ ನನ್ನ ಆಸೆ.

ವಿಜಯದಶಮಿ ರಾತ್ರಿ ಆರತಿ ಎತ್ತಿ ಪಟ್ಟದ ಬೊಂಬೆಗಳನ್ನು ಮಲಗಿಸುತ್ತಾರೆ. ಮಾರನೆಯ ದಿನ ಒಂದೊಂದನ್ನೂ ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಹಾಕುವುದು. ನಮ್ಮ ಮೈಸೂರು ಕಡೆ ಅಲ್ಲಿಗೆ ಸ್ವಲ್ಪ ಬಿಡುವು. ಮಲೆನಾಡಿನಲ್ಲಿ ಮಾತ್ರ ಆಗ ಒಂದು ದೊಡ್ಡ ಕೆಲಸ ನಡೆಯುತ್ತಿರುತ್ತದೆ.

ಸಾಗರದ ಕಡೆಯ ಗೆಳತಿಯ ಮನೆಗೆ ಭೂಮಿ ಹುಣ್ಣಿಮೆಗೆ ಹೋದಾಗ ಅದನ್ನು ಕಂಡೆ. ಆಶ್ವಯುಜ ಹುಣ್ಣಿಮೆ, ಸೀಗೆ ಹುಣ್ಣಿಮೆ ಅಂತಲೂ ಅನ್ನುತ್ತಾರೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಕಾಲ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಅಂತ ಅಡುಗೆ ಮಾಡಿ ಬುಟ್ಟಿಯಲ್ಲಿ ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ಆ ಬುಟ್ಟಿಯ ಮೇಲೆ ದೀವರು ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ಹತ್ತಿರದಿಂದ ನೋಡಬೇಕು. ಬಿದಿರು ಬುಟ್ಟಿಗೆ ಮೊದಲು ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಅಕ್ಕಿ ನೆನೆಸಿ ರುಬ್ಬಿದರೆ ಬಿಳಿ ಬಣ್ಣ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಆ ನಾರನ್ನು ಬಣ್ಣದಲ್ಲಿ ಅದ್ದಿ, ಉಬ್ಬುತಗ್ಗಿನ ಬುಟ್ಟಿಯ ಮೈಮೇಲೆ, ಒಂದು ಎಳೆಯ ಪಕ್ಕ ಇನ್ನೊಂದು ಎಳೆ ಎಳೆಯುತ್ತಾ ಹೋಗುತ್ತಾರೆ. ಎಳೆಗಳ ನಡುವಿನ ಸಂದು ಎಲ್ಲೂ ಹೆಚ್ಚುಕಮ್ಮಿ ಆಗುವುದಿಲ್ಲ. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಜೋಗಿ ಜಡೆ, ಎತ್ತಿನ ಗಾಡಿ, ಭತ್ತದ ಸಸಿ ಒಂದೊಂದಾಗಿ ಮೂಡುತ್ತವೆ. ಗೆಳತಿಯ ಅಮ್ಮ ಬರೆಯುತ್ತಿದ್ದರೆ ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಚಿಕ್ಕ ಬುಟ್ಟಿ ಕೊಟ್ಟಿದ್ದರು. ಹುಡುಗಿಯ ಗೆರೆ ನಡುಗುತ್ತಿತ್ತು. ಅಜ್ಜಿ ತಿದ್ದಲಿಲ್ಲ, ಅಳಿಸಲಿಲ್ಲ. ಆ ಬುಟ್ಟಿಯೂ ಗದ್ದೆಗೆ ಹೋಯಿತು.

ಹಿಂದಿನ ರಾತ್ರಿಯಿಡೀ ಅಡುಗೆ. ಬಗೆಬಗೆಯ ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಬೆಳಕು ಹರಿಯುವ ಮೊದಲು ಗದ್ದೆ ತುಂಬ ಬೀರುತ್ತಾರೆ. ಪೂಜೆಯಾದ ಮೇಲೆ ಬದುವಿನ ಮೇಲೇ ಊಟ. ಆ ಚಿತ್ತಾರ ಬೆಂಗಳೂರಿನಲ್ಲಿ ಈಗ ಗೋಡೆಗೆ ನೇತುಹಾಕುವ ಚಿತ್ರವಾಗಿದೆ, ಕುಶನ್ ಕವರ್ ಆಗಿದೆ. ಬರೆಯುವವರಿಗೆ ನಾಲ್ಕು ಕಾಸು ಸಿಗುತ್ತದೆ ಅನ್ನುವುದು ಸಂತೋಷದ ವಿಷಯವೇ. ಆದರೂ ಬುಟ್ಟಿಯ ಮೇಲೆ, ಗದ್ದೆಯ ಬದುವಿನಲ್ಲಿ, ಕಡುಬಿನ ಹಬೆ ತಾಗಿಸಿಕೊಂಡು ಕೂತಾಗ ಅದಕ್ಕಿರುವ ಕಳೆ ಬೇರೆ.

ದೀಪಾವಳಿಯ ಕೈಕೆಲಸ ಊರಿಗೊಂದು ಥರ. ತುಳುನಾಡಿನಲ್ಲಿ ಬಿದಿರು ಸೀಳಿ ಚೌಕಟ್ಟು ಕಟ್ಟಿ, ಬಣ್ಣದ ತೆಳು ಕಾಗದ ಅಂಟಿಸಿ ಗೂಡುದೀಪ ಮಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಸಗಣಿಯಿಂದ ಹಟ್ಟಿ ಲಕ್ಕವ್ವನನ್ನು, ಪಾಂಡವರನ್ನು ಮಾಡಿ, ಚೆಂಡು ಹೂವು ಉತ್ತರಾಣಿ ಕಡ್ಡಿ ಸಿಕ್ಕಿಸಿ ಬಾಗಿಲಲ್ಲಿ ಕೂರಿಸುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ರಾತ್ರಿಯೆಲ್ಲ ಮನೆಯಿಂದ ಮನೆಗೆ ನಡೆಯುತ್ತಾರೆ. ನಮ್ಮನೆಯ ದೀಪಾವಳಿಯಲ್ಲಿ ಅಂಥ ವಿಶೇಷ ಇರಲಿಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ ತೊಳೆದು, ಕೊರಳಿಗೆ ಹೂವಿನ ಹಾರ, ಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ. ಅಷ್ಟೇ.

ಡಿಸೆಂಬರಿನಲ್ಲಿ ಮಂಗಳೂರಿನ ಕ್ರೈಸ್ತ ಗೆಳತಿಯ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬ ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್. ಕಿಡಿಯೊ ಮಾಡುವುದು ಒಬ್ಬರ ಕೈಯಲ್ಲಾಗುವ ಮಾತಲ್ಲ. ಹಿಟ್ಟಿನ ಒಂದೊಂದು ಗೋಲಿಯನ್ನೂ ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಉರುಳಿಸಬೇಕು. ಹಾಗಾಗಿ ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂರುತ್ತಾರಂತೆ, ಗಂಡಸರೂ ಮಕ್ಕಳೂ ಸೇರಿ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಫೋಟೋವನ್ನು ಅವಳು ಕಳಿಸಿದಾಗ ನಾನು ದಂಗಾದೆ. ದನದ ಕೊಟ್ಟಿಗೆಯ ಸುತ್ತ ಹಸಿರು ಹುಲ್ಲು ಕಾಣಿಸಲು ಅವರೂ ತಟ್ಟೆಯಲ್ಲಿ ಕಾಳು ಮೊಳಕೆ ಬರಿಸುತ್ತಾರೆ! ಬಾಲಯೇಸುವಿನ ಪಕ್ಕಕ್ಕೂ ನಮ್ಮ ಶೆಟ್ಟರಂಗಡಿ ಪಕ್ಕಕ್ಕೂ ಅದೇ ಹಸಿರು. ಮಕ್ಕಳು ಎರಡೂ ಕಡೆ ಅದೇ ರೀತಿ ಬೆಳಿಗ್ಗೆ ಎದ್ದು ಓಡುತ್ತಿರಬೇಕು, ಅಲ್ವಾ?

ಇನ್ನು ಸಂಕ್ರಾಂತಿ. ಕೆಲಸ ಅಂದರೆ ಇದು.

ಎಳ್ಳಿಗೆ ಐದು ಸಾಮಾನು. ಬಿಳಿ ಎಳ್ಳು, ಅಚ್ಚು ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ಬಿಳಿ ತಿರುಳನ್ನು ಕಡಲೆಬೇಳೆಯಷ್ಟು ಚಿಕ್ಕದಾಗಿ ಹೆಚ್ಚಬೇಕು. ಬೆಲ್ಲವೂ ಅಷ್ಟೇ ಚಿಕ್ಕದು. ನಮ್ಮಲ್ಲಿ ಅಡಿಕೆ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಎರಡನ್ನೂ ಬಿಸಿಲಿನಲ್ಲಿ ಒಣಗಿಸದಿದ್ದರೆ ಎಳ್ಳೆಲ್ಲ ಮೆತ್ತಗೆ. ಕಡಲೆಬೀಜ ಹುರಿದು, ಸಿಪ್ಪೆ ಉಜ್ಜಿ, ಊದಿ, ಹೋಳು ಮಾಡುವುದು. ಬೆರಳಿಗೆ ಬೊಬ್ಬೆ ಬರುತ್ತದೆ ಅಂತ ಗೊತ್ತಿದ್ದೂ ಎಲ್ಲರೂ ಕೂರುತ್ತಿದ್ದೆವು.

ಸಕ್ಕರೆ ಅಚ್ಚಿನ ಕೆಲಸ ಹಿಂದಿನ ರಾತ್ರಿಯೇ ಶುರು. ತೇಗದ ಮರದ ಅಚ್ಚುಗಳು ನೀರಿನಲ್ಲಿ ಮುಳುಗಿರಬೇಕು. ಒಣಮರಕ್ಕೆ ಪಾಕ ಕಚ್ಚಿಕೊಳ್ಳುತ್ತದೆ, ನೆನೆದ ಮರ ಬಿಟ್ಟುಕೊಡುತ್ತದೆ. ಒಂದೊಂದು ಅಚ್ಚಿಗೂ ಎರಡು ಹೋಳು, ಒಂದರಲ್ಲಿ ಗಿಳಿಯ ಎಡಮೈ, ಇನ್ನೊಂದರಲ್ಲಿ ಬಲಮೈ. ಕೂಡಿಸಿ ದಾರ ಬಿಗಿದರೆ ಮೇಲೆ ಚಿಕ್ಕ ಬಾಯಿ. ಗಿಳಿಯ ಜೊತೆ ಮೀನು, ಆನೆ, ತುಳಸಿಕಟ್ಟೆ, ಗೋಪುರ, ಬಾಳೆಗೊನೆ.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಬಿಡಬೇಕು. ಹಾಲು ಒಡೆದು, ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಿದರೆ ಪಾತ್ರೆಯ ತಳ ಕಾಣುವಷ್ಟು ತಿಳಿ ಪಾಕ. ಆಮೇಲೆ ಒಂದೊಂದೇ ಸೌಟು ಚಿಕ್ಕ ಪಾತ್ರೆಗೆ ಹಾಕಿಕೊಂಡು ಕಾಯಿಸುವುದು. ಒಟ್ಟಿಗೆ ಜಾಸ್ತಿ ಕಾಯಿಸಿದರೆ ಸುರಿಯುವುದರೊಳಗೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಪಾಕ ಎಳೆ ಬರುವ ಹೊತ್ತಿಗೆ ಮರದ ಸೌಟಿನಿಂದ ಪಾತ್ರೆಯ ಬದಿಗೆ ಉಜ್ಜಬೇಕು. ಉಜ್ಜಿದ ಕಡೆ ಮೊದಲು ಸಕ್ಕರೆಯ ಹರಳು ಹುಟ್ಟುತ್ತದೆ. ಅಲ್ಲಿಂದ ಅದು ಉಳಿದ ಪಾಕಕ್ಕೆಲ್ಲ ಹಬ್ಬುತ್ತದೆ. ನೋಡುನೋಡುತ್ತಿದ್ದಂತೆ ತಿಳಿ ಪಾಕ ಮಬ್ಬಾಗಿ ಹಾಲುಬಿಳುಪಿಗೆ ತಿರುಗುತ್ತದೆ. ಸುರಿಯಬೇಕಾದದ್ದು ಆಗಲೇ. ಸ್ವಲ್ಪ ಮೊದಲಾದರೆ ಅಚ್ಚಿನಲ್ಲಿ ಕೂರುವುದಿಲ್ಲ, ಸ್ವಲ್ಪ ತಡವಾದರೆ ಗಿಳಿಗೆ ಕೊಕ್ಕು ಇರುವುದಿಲ್ಲ. ಅಮ್ಮ ಒಲೆಯ ಮುಂದೆ ನಿಂತು ಏನೂ ಮಾತಾಡದೆ ನೋಡುತ್ತಿದ್ದು, ಒಂದು ಗಳಿಗೆಯಲ್ಲಿ "ಹ್ಞಾ, ಈಗ" ಅನ್ನುತ್ತಾರೆ. ಅದಕ್ಕೆ ಗಡಿಯಾರವಿಲ್ಲ. ಕೆಲವೇ ನಿಮಿಷಕ್ಕೆ ದಾರ ಬಿಚ್ಚಿ ಹೋಳು ಬಿಡಿಸಿದರೆ ಬಿಸಿಬಿಸಿ ಬಿಳೀ ಗಿಳಿ ಕೈಗೆ ಬರುತ್ತದೆ. ಅಂಚಿನ ರೆಕ್ಕೆಪುಡಿಯನ್ನು ಚಾಕುವಿನಿಂದ ಹೆರೆದು ತೆಗೆಯುವ ಕೆಲಸ ಮಕ್ಕಳದು, ಆ ಪುಡಿಯೂ ಅವರದೇ.

ಧಾರವಾಡದ ಕಡೆಯ ಅತ್ತೆ ಮನೆಯಲ್ಲಿ ಕುಸುರೆಳ್ಳು. ಸಣ್ಣ ಉರಿಯ ಮೇಲೆ ಎಳ್ಳನ್ನು ಹರಡಿ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತಾ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಚಳಿ ಇದ್ದಷ್ಟೂ ಮುಳ್ಳು ಚೆನ್ನಾಗಿ ಏಳುತ್ತದೆ ಅಂತ ಅವರು ನಸುಕಿನಲ್ಲೇ ಕೂರುತ್ತಾರೆ. ಆ ಕಾಳುಗಳನ್ನೇ ಕೂಡಿಸಿ ಕೂಸಿಗೆ ಸರ, ಬಳೆ, ಕಿರೀಟ ಮಾಡಿ ತೊಡಿಸುತ್ತಾರೆ. ಒಂದು ಸಂಜೆಯ ಒಡವೆ ಅದು, ಆಮೇಲೆ ಮಕ್ಕಳ ಹೊಟ್ಟೆಗೆ.

ಇಷ್ಟೆಲ್ಲ ಹೇಳುವಾಗ ಒಂದು ಮಾತನ್ನು ಮರೆಮಾಚಬಾರದು. ಈ ಕೆಲಸ ಬಹುಪಾಲು ಹೆಂಗಸರ ಮೇಲೆ ಬಿದ್ದಿತ್ತು. ದಿನನಿತ್ಯದ ಅಡುಗೆ, ಮಡಿ, ನೆಂಟರು, ಇವೆಲ್ಲದರ ಮೇಲೆ. ಅಮ್ಮನ ಕಾಲದ ಎಷ್ಟೋ ಹೆಂಗಸರು ಸಂಕ್ರಾಂತಿ ದಿನ ಸುಸ್ತಾಗಿ ಮಲಗಿಬಿಡುತ್ತಿದ್ದರು. ಗಾಂಧಿ ಬಜಾರಿನಲ್ಲಿ ಬೆರೆಸಿದ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚಿನ ಡಬ್ಬ ಸಿಗುವಂತಾದಾಗ ಅವರು ನಿಟ್ಟುಸಿರು ಬಿಟ್ಟದ್ದು ನ್ಯಾಯವೇ. ಆಫೀಸು ಮುಗಿಸಿ ಬಂದು ಕೊಬ್ಬರಿ ಹೆಚ್ಚು ಅಂತ ಯಾರಿಗೂ ನಾನು ಹೇಳುವುದಿಲ್ಲ. ನನ್ನ ಕಾಳಜಿ ಬೇರೆ. ಕೆಲಸ ಹಂಚಿಕೊಂಡಿದ್ದರೆ ಉಳಿಯುತ್ತಿತ್ತು, ಒಬ್ಬರ ಮೇಲೇ ಬಿಟ್ಟದ್ದಕ್ಕೆ ಕಳೆದುಹೋಯಿತು. ಕುಸ್ವಾರ್ ಮಾಡುವ ಆ ಮನೆಯಲ್ಲಿ ಎಲ್ಲರೂ ಮೇಜಿಗೆ ಕೂರುವ ಮಾತು ಕೇಳಿದ ಮೇಲೆ ನನಗೆ ಇದು ಇನ್ನೂ ಸ್ಪಷ್ಟವಾಯಿತು.

ಈಗ ನಮ್ಮ ಮನೆಯಲ್ಲಿ ಹೀಗೆ. ಬೊಂಬೆ ಮೆಟ್ಟಿಲು ಗಂಡನದು, ಅಪ್ಪನ ಗುಂಡುಪಿನ್ನು ಸಮೇತ. ಬೆಲ್ಲ ಕತ್ತರಿಸುವುದು ಮಗನದು. ಅವನಿಗೆ ಅಡಿಕೆ ಕತ್ತರಿ ಅಂದರೆ ಪ್ರಾಣ. ಕಡಲೆಬೀಜದ ಸಿಪ್ಪೆ ಊದುವುದು ಮಗಳದು, ಬಾಲ್ಕನಿಯಲ್ಲಿ. ಎಲ್ಲವನ್ನೂ ನಾವೇ ಮಾಡುತ್ತೇವೆ ಅಂತಲ್ಲ. ಹುರಿಗಡಲೆ, ಎಳ್ಳು ಸಿದ್ಧವಾದದ್ದೇ ಬರುತ್ತದೆ. ಆದರೆ ಪ್ರತಿ ಹಬ್ಬಕ್ಕೂ ಒಂದು ವಸ್ತುವಾದರೂ ಮನೆಯವರ ಕೈಯಿಂದ ಆಗಬೇಕು, ಅದರಲ್ಲಿ ಎಲ್ಲರ ಕೈಯೂ ಇರಬೇಕು ಅಂತ ಇಟ್ಟುಕೊಂಡಿದ್ದೇವೆ. ಅಮೆರಿಕದಲ್ಲಿರುವ ಅಕ್ಕನೂ ಅಷ್ಟೇ. ಅಲ್ಲಿ ನವರಾತ್ರಿಗೆ ರಜೆ ಇಲ್ಲ, ಶನಿವಾರ ಭಾನುವಾರ ಸ್ನೇಹಿತರು ಬೊಂಬೆ ನೋಡಲು ಬರುತ್ತಾರೆ. ಮರದ ಅಚ್ಚು ಸಿಗದೆ ಸಿಲಿಕಾನ್ ಅಚ್ಚಿನಲ್ಲಿ ಸಕ್ಕರೆ ಸುರಿಯುತ್ತಾಳೆ. ಗಿಳಿಯ ಬದಲು ಹೃದಯ, ನಕ್ಷತ್ರ. ಇರಲಿ. ಪಾಕ ಮಬ್ಬಾಗುವ ಹೊತ್ತಿಗೆ ಫೋನಿನಲ್ಲಿ ಅಮ್ಮನಿಗೆ ಪಾತ್ರೆ ತೋರಿಸುತ್ತಾಳೆ.

ನಿಮ್ಮ ಅಟ್ಟದಲ್ಲೂ ಹಳೆಯ ಅಚ್ಚುಗಳಿರಬಹುದು. ಡಿಸೆಂಬರ್ ಕೊನೆಯಲ್ಲಿ ಇಳಿಸಿ ನೋಡಿ. ಬ್ರಶ್ಶಿನಿಂದ ಸಂದುಗೊಂದು ಉಜ್ಜಿ ತೊಳೆಯಿರಿ. ಕೆಲಸ ಮುಗಿದ ಮೇಲೆ ನೆರಳಿನಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಜೋಡಿ ಹೋಳುಗಳು ಅದಲುಬದಲಾಗದಂತೆ ಕಟ್ಟಿಡಿ. ಮೊದಲ ಸಲ ಸ್ವಲ್ಪ ಸಕ್ಕರೆಯಷ್ಟೇ ತೆಗೆದುಕೊಳ್ಳಿ. ಮನೆಯಲ್ಲಿ ಕೈ ಪಳಗಿದ ಹಿರಿಯರಿದ್ದರೆ ಅವರಿಂದ ಏನೂ ಮಾಡಿಸಬೇಡಿ. ಒಲೆಯ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿ. ಸೌಟು ನೀವು ಹಿಡಿಯಿರಿ, "ಈಗ ಸುರಿ" ಅಂತ ಅವರು ಹೇಳಲಿ.